ಮನೆಗೆ 2,000 ರೂಪಾಯಿಯ ಕತ್ತಿ

ನಮ್ಮ ‘ದೊಡ್ಡಮನೆ ಬಳಗ’ ಗುಂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ, ಸಂಜೆ ಯಾರದೋ ಹುಟ್ಟುಹಬ್ಬ. ಅಷ್ಟೇ. ಕಳೆದ ಗುರುವಾರ ಊಟದ ಹೊತ್ತಿಗೆ ದಾವಣಗೆರೆ ದೊಡ್ಡಪ್ಪ ಒಂದು ವಿಡಿಯೋ ಹಾಕಿದರು. ಹನ್ನೆರಡು ಗಂಟೆ ಆದರೂ ಯಾರೂ ಮಲಗಲಿಲ್ಲ. ನಡುವೆ ಬಂದ ‘ಶುಭರಾತ್ರಿ’ಗಳನ್ನು ತೆಗೆದು ಮಿಕ್ಕಿದ್ದನ್ನು ಇಲ್ಲಿ ಹಾಕಿದ್ದೀನಿ.

ದೊಡ್ಡಪ್ಪ: ಎಲ್ಲರೂ ನೋಡಿ. ಜರ್ಮನಿಯಲ್ಲಿ ಗೋರಿ ಅಗೆದಾಗ ಸಿಕ್ಕ ಕತ್ತಿ. 3000 ವರ್ಷ ಮಣ್ಣಲ್ಲಿದ್ದರೂ ಫಳಫಳ ಅಂತಿದೆ. ತುಕ್ಕೇ ಹಿಡಿಯದ ಉಕ್ಕು! ನಮ್ಮ ದೇಶದಿಂದ ಹೋದ ಉಕ್ಕು. ಅದೇ ಕತ್ತಿ ಈಗ ಹಾಗ್ಹಾಗೇ ಮಾಡಿಕೊಡ್ತಾರೆ, 18,000 ರೂಪಾಯಿ. ಆಯುಧಪೂಜೆಗೆ ಹಳೇ ಮನೆಗೆ ಒಂದು ತರಿಸೋಣ. ಒಂಬತ್ತು ಮನೆ, ಮನೆಗೆ 2,000.

ಪುಟ್ಟಿ: ದೊಡ್ಡಮಾವ, ಅದು ಉಕ್ಕಲ್ಲ. ಕಂಚು.

(ಪುಟ್ಟಿ ಅಂದರೆ ಚಿತ್ರದುರ್ಗದ ಅತ್ತೆ ಮಗಳು. ಲೋಹಶಾಸ್ತ್ರ ಓದ್ತಾಳೆ. ಅವಳ ಮುಂದೆ ಸ್ಟೀಲ್ ಲೋಟ ಇಡೋಕೂ ನನಗೆ ಭಯ.)

ದೊಡ್ಡಪ್ಪ: ಏನು ಕಂಚು? ವಿಡಿಯೋದಲ್ಲಿ ಉಕ್ಕು ಅಂತ ಬರೆದಿದೆ.

ಪುಟ್ಟಿ: 2023ರಲ್ಲಿ ಬವೇರಿಯಾದ ನೋರ್ಡ್ಲಿಂಗನ್ ಊರಲ್ಲಿ ಸಿಕ್ಕಿದ್ದು. ತಾಮ್ರಕ್ಕೆ ತವರ ಸೇರಿಸಿ ಎರಕ ಹೊಯ್ದಿದ್ದಾರೆ. ಎಂಟು ಮೂಲೆಯ ಹಿಡಿ. ಅಲಗು ಮೊದಲು ಮಾಡಿ, ಅದರ ಮೇಲೇ ಹಿಡಿ ಎರಕ ಹೊಯ್ಯೋದು. ಕಂಚಿಗೆ ಕಬ್ಬಿಣದ ಥರ ತುಕ್ಕು ಹಿಡಿಯಲ್ಲ, ಹಸಿರು ಕಟ್ಟುತ್ತೆ.

ಚಿಕ್ಕಪ್ಪ: ಅವ್ವ ಹುಣಸೆಹಣ್ಣು ಹಾಕಿ ಪೂಜೆ ಗಂಟೆ ತಿಕ್ಕೋದು ಅದಕ್ಕೇ ಅಲ್ವಾ.

ದೊಡ್ಡಪ್ಪ: ಚೀನಾದಲ್ಲೂ ಒಂದು ಸಿಕ್ಕಿದೆ. ಅದು?

ಪುಟ್ಟಿ: ರಾಜ ಗೌಜಿಯಾನನ ಕತ್ತಿ. 1965ರಲ್ಲಿ, ಹುಬೇ ಪ್ರಾಂತ್ಯದ ಗೋರಿಯಲ್ಲಿ. ಅದೂ ಕಂಚೇ.

ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ದೊಡ್ಡಪ್ಪ ಬ್ಯಾಂಕಿನಲ್ಲಿ ಇದ್ದವರು. ಲೆಕ್ಕ ತಪ್ಪಿದೆ ಅಂದರೆ ಇನ್ನೊಂದು ಲೆಜರ್ ತೆಗೆಯೋ ಜಾತಿ. ಅವರು ತೆಗೆಯೋ ಮುಂಚೆ ಅತ್ತೆ ಬಂದರು.

ಅತ್ತೆ: ಅಣ್ಣ, ಗೋರಿಯ ಕಬ್ಬಿಣಕ್ಕೆ ಜರ್ಮನಿ ಯಾಕೆ? ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಇದೆಯಲ್ಲ. ಶಾಲೆ ಮಕ್ಕಳನ್ನು ಕರ್ಕೊಂಡು ಹೋಗಿದ್ದೆ. ಎಲ್ಲರೂ ಅಶೋಕನ ಶಾಸನ ನೋಡಿ ಬಸ್ ಹತ್ತಿಬಿಡ್ತಾರೆ. 1947ರಲ್ಲಿ ಪುರಾತತ್ವ ಇಲಾಖೆಯ ಮಾರ್ಟಿಮರ್ ವೀಲರ್ ಅಲ್ಲಿ ಗೋರಿಗಳನ್ನು ಅಗೆಸಿದ್ದ. ಸುತ್ತ ಕಲ್ಲು ಚಪ್ಪಡಿ, ಒಂದು ಚಪ್ಪಡಿಯಲ್ಲಿ ಗುಂಡಗೆ ತೂತು. ಒಳಗೆ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಚೂರಿ, ಕುಡುಗೋಲು, ಬಾಣದ ಮೊನೆ. ಆ ಕಬ್ಬಿಣ ಫಳಫಳ ಅಂತಿರಲಿಲ್ಲ.

ಪುಟ್ಟಿ: ಅನ್ನೋದೂ ಇಲ್ಲ. ಇಂಗ್ಲೆಂಡಿನ ಸಟನ್ ಹೂನಲ್ಲಿ 1939ರಲ್ಲಿ ಹಡಗನ್ನೇ ಹೂತಿದ್ದ ಗೋರಿ ಸಿಕ್ಕಿತು. ಅದರ ಕತ್ತಿ ಒರೆ ಜೊತೆ ತುಕ್ಕು ಹಿಡಿದು ಒಂದೇ ಆಗಿಬಿಟ್ಟಿದೆ. ಎಕ್ಸ್‌ರೇ ತೆಗೆದಾಗ, ಕಬ್ಬಿಣದ ಸರಳುಗಳನ್ನು ತಿರುಚಿ ಜೋಡಿಸಿ ಬೆಸೆದಿದ್ದು ಕಾಣಿಸಿತು. ಅದನ್ನು ನೋಡಿಕೊಂಡು ಈ ಕಾಲದ ಕಮ್ಮಾರರೊಬ್ಬರು ಹೊಸದು ಮಾಡಿದರು. ಬ್ರಿಟಿಷ್ ಮ್ಯೂಸಿಯಂ ಹತ್ತಿರ ಎರಡೂ ಇವೆ.

ದೊಡ್ಡಪ್ಪ: ಹಾಂ! ಮ್ಯೂಸಿಯಂನೋರು ನಕಲು ಇಟ್ಟರೆ ವಿಜ್ಞಾನ. ನಾನು ಇಟ್ಟರೆ ಹುಚ್ಚು. ಅಲ್ವಾ?

ಒಳ್ಳೇ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಟ್ಟಿ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಹಳ ಹೊತ್ತು ಬರ್ತಾನೇ ಇತ್ತು.

ಪುಟ್ಟಿ: ಹುಚ್ಚು ಅಂತ ನಾನು ಅನ್ನಲಿಲ್ಲ ಮಾವ. ಸರಳನ್ನು ಎಷ್ಟು ತಿರುಚಿದರೆ ಎಕ್ಸ್‌ರೇಯಲ್ಲಿ ಕಂಡ ಗೆರೆ ಬರುತ್ತೆ, ಎಷ್ಟು ಕಾಯಿಸಿದರೆ ಬೆಸುಗೆ ಕೂರುತ್ತೆ, ಇದೆಲ್ಲ ಸುತ್ತಿಗೆ ಹಿಡಿದರೇ ತಿಳಿಯೋದು. ಅವರು ಅದಕ್ಕೆ ಮಾಡಿದ್ದು. ನಿಮ್ಮ ವಿಡಿಯೋ ಒಂದು ಸಲ ನಿಲ್ಲಿಸಿ ನೋಡಿ. ಹಿಡಿ ಜರ್ಮನಿಯ ಕಂಚಿನ ಕತ್ತಿಯದ್ದು. ಅಲಗಿನ ಮೇಲೆ ಅಲೆಅಲೆ ಗೆರೆ, ಅದು ಉಕ್ಕಿಗೆ ಬರೋದು. ಒರೆ ಮೇಲೆ ಆನೆ.

ಚಿಕ್ಕಪ್ಪ: ಮೇಲೊಂದು ಮೈಸೂರು ಪೇಟ ಇಟ್ಟುಬಿಡಿ.

ಪುಟ್ಟಿ: ಆ ಗೆರೆನೂ ಎರಡು ಥರದ ಉಕ್ಕು ಬೆಸೆದು, ಆಸಿಡ್‌ನಲ್ಲಿ ಅದ್ದಿ ಎಬ್ಬಿಸಿರಬಹುದು. ನಮ್ಮ ಕಡೆ ಉಕ್ಕಿಗೆ ಗೆರೆ ಬರ್ತಿದ್ದದ್ದೇ ಬೇರೆ ರೀತಿ. ‘ನಮ್ಮ ದೇಶದ ಉಕ್ಕು’ ಅಂದ್ರಲ್ಲ, ಅದು ಪೂರ್ತಿ ಸುಳ್ಳಲ್ಲ, ಕತ್ತಿ ಬೇರೆ ಅಷ್ಟೆ. ನಮ್ಮ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲೇ ಮೂಸೆಯಲ್ಲಿ, ಅಂದ್ರೆ ಲೋಹ ಕಾಯಿಸೋ ಕುಡಿಕೆಯಲ್ಲಿ, ಉಕ್ಕು ಮಾಡ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತೋವಾಗ ಈ ಕೆಲಸ ನೋಡಿ ಬರೆದಿದ್ದಾನೆ. ಮಣ್ಣಿನ ಮೂಸೆಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ ಹಾಕಿ, ಬಾಯಿ ಮೆತ್ತಿ ಕುಲುಮೆಗಿಡೋದು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತೆ.

ಅತ್ತೆ: ತಂಗಡಿ ಅಂದ್ರೆ ಹಳದಿ ಹೂವಿನ ಗಿಡನಾ? ಅದರ ಪಕ್ಕ ದಿನಾ ವಾಕಿಂಗ್ ಹೋಗ್ತೀನಲ್ಲೇ!

ಪುಟ್ಟಿ: ಅದೇ ಅಮ್ಮ. ಆ ಉಕ್ಕನ್ನು ಹದವಾಗಿ ಕಾಯಿಸಿ ಬಡಿದರೆ ಗೆರೆ ಒಳಗಿಂದ ತಾನೇ ಬರ್ತಿತ್ತು. ಆಮೇಲೆ ಆ ಕೆಲಸ ನಿಂತುಹೋಯ್ತು. ಅಮೆರಿಕದ ಪ್ರೊಫೆಸರ್ ವರ್ಹೋವೆನ್, ಕುದುರೆಗೆ ಲಾಳ ಕಟ್ಟುತ್ತಿದ್ದ ಕಮ್ಮಾರ ಪೆಂಡ್ರೆ, ಇಬ್ಬರೂ ಸೇರಿ ವರ್ಷಗಟ್ಟಲೆ ಬಡಿದರು. ಗುಟ್ಟು ಸಿಕ್ಕಿದ್ದು 1990ರ ದಶಕದಲ್ಲಿ. ಕಬ್ಬಿಣದಲ್ಲಿ ವೆನೇಡಿಯಂ ಥರದ ಲೋಹ ಒಂದು ಚೂರು ಬೆರೆತಿರಬೇಕು. ಅದಿಲ್ಲದಿದ್ದರೆ ಎಷ್ಟು ಬಡಿದರೂ ಗೆರೆ ಇಲ್ಲ.

ಚಿಕ್ಕಪ್ಪ: ನಮ್ಮ ಹೊಳಲ್ಕೆರೆ ಕುಲುಮೆಯವನು ಲಾರಿ ಕಮಾನ್ ಪಟ್ಟಿಯಲ್ಲಿ ಮಚ್ಚು ಮಾಡಿಕೊಡ್ತಾನೆ. 600 ರೂಪಾಯಿ. ಗೆರೆ ಇಲ್ಲ, ಆದ್ರೆ ಎಳನೀರು ಒಂದೇ ಏಟು.

ದೊಡ್ಡಪ್ಪ: ನೀನು ಮಾತಾಡಬೇಡ. ಅಪ್ಪನ ಕತ್ತಿ ಗುಜರಿಗೆ ಹಾಕಿದ್ದು ಯಾರು?

ಓಹೋ. ಎರಡು ಗಂಟೆ ಕಾಲ ಜರ್ಮನಿ, ಚೀನಾ, ಇಂಗ್ಲೆಂಡ್ ಸುತ್ತಿ ಬಂದಿದ್ದು ಇಲ್ಲಿಗೆ. ಈ ಕತ್ತಿ ವಿಷಯ ನಮ್ಮ ಕಾಲದ ಮಕ್ಕಳಿಗೆ ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಪ್ಪ: ಅಣ್ಣ, ಅದು ಕತ್ತಿಯಾಗಿ ಉಳಿದಿರಲಿಲ್ಲ. ಹಂಚು ತೆಗೆಸೋವಾಗ ಅಟ್ಟದ ಮೇಲೆ ಸಿಕ್ತು. ಮುಟ್ಟಿದರೆ ಪದರ ಪದರ ಉದುರ್ತಿತ್ತು.

ಪುಟ್ಟಿ: ಪದರ ಪದರ!? ಅಯ್ಯೋ ಸಣ್ಣಮಾವ! ಫೋಟೋ ಏನಾದ್ರೂ ಇದೆಯಾ?

ಚಿಕ್ಕಪ್ಪ: ತುಕ್ಕಿಗೆ ಯಾರಮ್ಮ ಫೋಟೋ ತೆಗೀತಾರೆ.

ದೊಡ್ಡಪ್ಪ: ಪ್ರತಿ ಆಯುಧಪೂಜೆಗೆ ಅದಕ್ಕೆ ನಾನೇ ಕುಂಕುಮ ಇಡ್ತಿದ್ದೆ. ಆ ಜಾಗದಲ್ಲಿ ಏನೋ ಒಂದು ಇರಲಿ ಅಂತ ಇದನ್ನ ನೋಡಿದ್ದು. ನಿಮಗೆಲ್ಲ ತಮಾಷೆ.

ಹತ್ತು ನಿಮಿಷ ಗುಂಪಿನಲ್ಲಿ ಏನೂ ಇಲ್ಲ. ಆಮೇಲೆ ಅಜ್ಜಿಯ ವಾಯ್ಸ್ ಮೆಸೇಜ್. ಹಿಂದೆ ಟಿವಿ ಸದ್ದು.

ಅಜ್ಜಿ: ಏನ್ರೋ ಕತ್ತಿ ಕತ್ತಿ ಅಂತ? ಅದು ನನ್ನ ಮೊಳಕೈವರೆಗೆ ಬರ್ತಿತ್ತು. ತುದಿ ಹಿಂಗೆ ಸ್ವಲ್ಪ ಬಾಗಿತ್ತು. ಹಿಡಿ ಹೋಗಿತ್ತು, ಹಳೇ ಪಂಚೆ ಸುತ್ತಿದ್ದರು. ನಿಮ್ಮಪ್ಪ ಅದರಲ್ಲಿ ಬಾಳೆಗೊನೆ ಕಡೀತಿದ್ದರು ಕಣ್ರೋ.

ಪುಟ್ಟಿ: ಅಜ್ಜಿ, ಅಗಲ ಎಷ್ಟಿತ್ತು? ಒಂದು ಕಡೆ ಹರಿತಾನಾ, ಎರಡೂ ಕಡೆನಾ? ಭಾನುವಾರ ಬರ್ತೀನಿ, ಪೇಪರ್ ಮೇಲೆ ಬರೆದು ತೋರಿಸ್ತೀನಿ, ಹೌದು ಅಲ್ಲ ಅಂತ ಹೇಳಿ.

ಚಿಕ್ಕಪ್ಪ: ಚಿತ್ರ ಕೊಟ್ಟರೆ ಕುಲುಮೆಯವನು ಬಡಿದುಕೊಡ್ತಾನೆ. ದುಡ್ಡು ನಾನೇ ಕೊಡ್ತೀನಿ ಅಣ್ಣ. ಆ 18,000ದ್ದು ಬೇಡ ಅಂದುಬಿಡಿ.

ದೊಡ್ಡಪ್ಪ: ನೆನ್ನೆನೇ ಅಡ್ವಾನ್ಸ್ 3,000 ಹಾಕಿದ್ದೀನಿ. ವಾಪಸ್ ಕೊಡಲ್ವಂತೆ.

ಚಿಕ್ಕಪ್ಪ: ಐದು ಮಚ್ಚು ಬರ್ತಿತ್ತು.