ರಸಾಂಜನಕ್ಕೆ ‘ಕಾಡಿಗೆ’ ಅನ್ನಬಹುದೇ?

ಕಣ್ಣಿನ ಉರಿಯೂತಕ್ಕೆ ಹಿಂದಿನವರು ಬಳಸುತ್ತಿದ್ದ ಗಿಡಮೂಲಿಕೆಗಳ ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ‘ರಸಾಂಜನ’ ಎಂಬ ಪದದ ಹತ್ತಿರ ಬಂದು ಸಿಕ್ಕಿಕೊಂಡೆ. ಕರಡಿನಲ್ಲಿ ಸುಮ್ನೆ ‘ಒಂದು ಬಗೆಯ ಕಾಡಿಗೆ’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು, ‘ಇದರಲ್ಲಿ ಮಸಿಯೇ ಇಲ್ಲವಲ್ಲ, ಕಾಡಿಗೆ ಹೇಗಾಯ್ತು?’ ಎಂದು ಹಿಡಿದುಕೊಂಡರು.

ಅವರು ಹೇಳಿದ್ದು ನಿಜ. ಮರದರಿಶಿನ ಎಂಬ ಗಿಡದ ಬೇರು, ಕಾಂಡಗಳನ್ನು ಕುದಿಸಿ ಕಷಾಯ ಮಾಡುತ್ತಾರೆ. ಅದಕ್ಕೆ ಆಡಿನ ಹಾಲು ಬೆರೆಸಿ ಮತ್ತೆ ಕಾಯಿಸಿ ಗಟ್ಟಿ ಮಾಡಿದರೆ ಅದೇ ರಸಾಂಜನ. ನೋಡಲು ಕಂದು ಮುದ್ದೆ, ನೀರಿಗೆ ಕದಡಿದರೆ ಹಳದಿ. ಆ ಹಳದಿ ಬರುವುದು ಬರ್ಬೆರಿನ್ ಎಂಬ ವಸ್ತುವಿನಿಂದ.

ಸಂಸ್ಕೃತದ ‘ಅಂಜ್’ ಧಾತುವಿಗೆ ಬಳಿ, ಹಚ್ಚು ಎಂಬ ಅರ್ಥವಿದೆ. ಅಂದರೆ ಅಂಜನ ಎಂಬುದು ಬಣ್ಣದ ಹೆಸರಲ್ಲ, ಹಚ್ಚುವ ಕೆಲಸದಿಂದ ಬಂದ ಹೆಸರು. ಹಾಗಾಗಿಯೇ ಆಯುರ್ವೇದದಲ್ಲಿ ಅದಿರಿನ ಪುಡಿಯೂ ಅಂಜನ, ಈ ಗಿಡದ ರಸವೂ ಅಂಜನ. ಕನ್ನಡದಲ್ಲಿ ಮಾತ್ರ ಅಂಜನ ಎಂದೊಡನೆ ಕಪ್ಪು ನೆನಪಾಗುತ್ತದೆ, ಇಲ್ಲವೇ ‘ಅಂಜನ ಹಾಕಿ ನೋಡು’ ಎಂಬ ಮಾತು. ಮದ್ದಿನ ಅರ್ಥ ಹಿಂದೆ ಸರಿದಿದೆ ಅಲ್ವಾ?

ಮರದರಿಶಿನದ್ದು ಇನ್ನೊಂದು ತಕರಾರು. ದಾರು ಅಂದರೆ ಮರ, ಹರಿದ್ರಾ ಅಂದರೆ ಅರಿಶಿನ. ಸಂಸ್ಕೃತದ ‘ದಾರುಹರಿದ್ರಾ’ವನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದಂತಿದೆ. ಆದರೆ ಅರಿಶಿನಕ್ಕೂ ಇದಕ್ಕೂ ನಂಟಿಲ್ಲ. ಸಾಲದ್ದಕ್ಕೆ ಈ ಒಂದೇ ಹೆಸರು ಎರಡು ಗಿಡಕ್ಕಿದೆ: ಹಿಮಾಲಯದ ಕಡೆಯ ಮುಳ್ಳುಪೊದೆ ಒಂದು, ಪಶ್ಚಿಮ ಘಟ್ಟದ ಬಳ್ಳಿ ಇನ್ನೊಂದು. ಎರಡರಲ್ಲೂ ಬರ್ಬೆರಿನ್ ಇರುವುದರಿಂದ ಎರಡರ ಒಳಗೂ ಹಳದಿ. ಬಳ್ಳಿಯನ್ನು ‘ಮರ’ ಎಂದು ಕರೆಯುವುದು ನನಗಂತೂ ಒಗ್ಗುತ್ತಿಲ್ಲ.

ರೋಗದ ಹೆಸರೂ ಸುಲಭವಿಲ್ಲ. ಕಣ್ಣಿನ ಈ ಬೇನೆಗೆ ಆಯುರ್ವೇದದ ಸುಶ್ರುತ ಹೇಳುವ ಹೆಸರು ‘ಅಭಿಷ್ಯಂದ’. ಆ ಪದದಲ್ಲಿ ಒಸರುವುದೇ ಮುಖ್ಯ. ನಮ್ಮ ‘ಉರಿಯೂತ’ ಎಂಬ ಪದದಲ್ಲಿ ಉರಿ ಇದೆ, ಊತ ಇದೆ, ಒಸರುವ ಅರ್ಥ ಇಲ್ಲ. ‘ಕೆಂಗಣ್ಣು’ ಎಂದರೆ ಯಾರೋ ಸಿಟ್ಟಾದಂತೆ ಕೇಳುತ್ತದೆ. ನನಗೆ ‘ಕಣ್ಣುಬೇನೆ’ಯೇ ವಾಸಿ ಅನ್ನಿಸಿದೆ.

(ಇದು ಪದದ ಚರ್ಚೆ, ಚಿಕಿತ್ಸೆಯ ಸಲಹೆಯಲ್ಲ. ಮನೆಯಲ್ಲಿ ಹಿಂಡಿದ ರಸವನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಸೋಂಕು ಜಾಸ್ತಿಯಾಗಬಹುದು. ನೋಟ ಮಂಜಾದರೆ ನೇರ ಕಣ್ಣಿನ ವೈದ್ಯರ ಹತ್ತಿರ ಹೋಗಿ.)

ಸದ್ಯಕ್ಕೆ ಕಾಡಿಗೆಯನ್ನು ಹೊಡೆದುಹಾಕಿ ‘ಮರದರಿಶಿನದ ಕಣ್ಮದ್ದು’ ಎಂದು ತಿದ್ದಿದ್ದೇನೆ. ಆದರೆ ‘ಕಣ್ಮದ್ದು’ ಎಂದರೆ ಹನಿ ಹಾಕುವುದೋ, ಹಚ್ಚುವುದೋ ಗೊತ್ತಾಗುವುದಿಲ್ಲ. ಕುದಿಸಿ ಗಟ್ಟಿ ಮಾಡಿ ಕಣ್ಣಿಗೆ ಹಚ್ಚುವ ಮದ್ದಿಗೆ ನಿಮ್ಮ ಆಡುಮಾತಿನಲ್ಲಿ ಬೇರೆ ಪದವಿದೆಯೇ? ಮರದರಿಶಿನದ ಬಳ್ಳಿಗೆ ಇನ್ನೊಂದು ಹೆಸರು ಕೇಳಿದ್ದರೆ ಅದನ್ನೂ ತಿಳಿಸಿ.