ಪದಚರ್ಚೆ: ಸಿಪಿಆರ್ ಆದಮೇಲೆ "ಬೋಧ ಬರುವುದು"

ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಆದ ರೋಗಿಗೆ ಪ್ರಜ್ಞೆ ಮರಳುವುದಕ್ಕೆ ಏನನ್ನಬೇಕು ಅಂತ ಉಡುಪಿಯ ಐಸಿಯು ಹೊರಗಿನ ಬೋರ್ಡಿಗೆ ಪದ ಕೇಳಿದವರೇ, ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು ಅಂದಿರಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: "ಬೋಧ ಬರುವುದು" ಅಂತ ಹಾಕಿ. ಬೋಧ ಅಂದರೆ ಇಲ್ಲಿ ಪಾಠವಲ್ಲ, ಪ್ರಜ್ಞೆ.

"ಪುನಶ್ಚೇತನ" ಬೇಡವೇ ಬೇಡ. ಕೆರೆಗೂ ಅದೇ, ನಷ್ಟದ ಕಾರ್ಖಾನೆಗೂ ಅದೇ. ನಿಂತ ಹೃದಯ ಮತ್ತೆ ಬಡಿಯುವುದು, ಮನುಷ್ಯನಿಗೆ ಬೋಧ ಬರುವುದು, ಈ ಎರಡನ್ನೂ ಅದು ಒಂದೇ ಮಾಡಿಬಿಡುತ್ತದೆ. ನನ್ನ ಭಾವ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕುಸಿದಾಗ ಪಕ್ಕದ ಮನೆ ಹುಡುಗ ಎದೆ ಒತ್ತಿದ್ದ. ಆಸ್ಪತ್ರೆಯಲ್ಲಿ "ಪುನಶ್ಚೇತನ ಆಗಿದೆ" ಅಂದರು. ಅಕ್ಕ ಫ್ಲಾಸ್ಕಲ್ಲಿ ಗಂಜಿ ತೆಳಿ ತಂದಳು. ಒಳಗೆ ಹೋದರೆ ಬಾಯಲ್ಲಿ ಟ್ಯೂಬು, ಕಣ್ಣು ಮುಚ್ಚಿದೆ, ಕರೆದರೆ ಓಗೊಡುವುದಿಲ್ಲ. ಫ್ಲಾಸ್ಕ್ ಹಾಗೇ ವಾಪಸ್ ಹೋಯಿತು.

ಬಡಿತ ನಿಂತಷ್ಟು ಹೊತ್ತು ಮಿದುಳಿಗೆ ರಕ್ತ ಸಾಲುವುದಿಲ್ಲ. ಮೇಲಿಂದ ಮಂಪರಿನ ಮದ್ದು ಬೇರೆ. ಬೋಧ ಬಾರದಿದ್ದರೆ ಡಾಕ್ಟರುಗಳು ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕಾದೇ ಮುಂದೆ ಬೋಧ ಬರುವುದೋ ಇಲ್ಲವೋ ಅನ್ನುವ ಮಾತು ಹೇಳುವುದು. ದಿನಗಟ್ಟಲೆ ಕಾಯಬೇಕಾಗಬಹುದು ಅನ್ನುವುದೂ ಬೋರ್ಡಿನಲ್ಲಿರಲಿ.

ಇನ್ನು "ಎಚ್ಚರ". ಅಚ್ಚಗನ್ನಡದ ಪದ, ಒಪ್ಪಿದೆ. ಆದರೆ ಅದು ಮುಖ್ಯವಾಗಿ ನಿದ್ದೆಗೆ ಎದುರಿನ ಪದ. ಸಿಪಿಆರ್ ಆಗಿ ಬದುಕುಳಿದ ಕೆಲವರು ಕಣ್ಣು ತೆರೆಯುತ್ತಾರೆ, ನಿದ್ದೆ-ಎಚ್ಚರವೂ ಇರುತ್ತದೆ, ಆದರೆ ಎದುರಿಗಿರುವವರು ಯಾರೆಂದು ತಿಳಿಯುವುದಿಲ್ಲ. ಹಾಸಿಗೆ ಹಿಡಿದವರ ಬಗ್ಗೆ ನಮ್ಮ ಅಜ್ಜಿ "ಎಚ್ಚರ ಉಂಟು, ಬೋಧ ಇಲ್ಲ" ಅನ್ನುತ್ತಿದ್ದರು. ವೈದ್ಯರು ಬೇರೆ ಮಾಡಿ ನೋಡುವುದೂ ಇದನ್ನೇ ಅಲ್ವಾ?

"ಬೋಧ ಸಂಸ್ಕೃತ, ಮಲಯಾಳದ ವಾಸನೆ ಬೇರೆ" ಅಂತ ಈ ಚರ್ಚೆಯಲ್ಲಿ ಒಬ್ಬರು ಒಂದೇ ಸಾಲಲ್ಲಿ ತಳ್ಳಿಹಾಕಿದ್ದಾರೆ. ಸಂಸ್ಕೃತವೇ, ಅದಕ್ಕೇನು ಮಾರಾಯ್ರೇ? ಅದರ ಬದಲು ಅವರು ಹೇಳುವ "ಪ್ರಜ್ಞೆ" ಎಲ್ಲಿಂದ ಬಂತು? ತುಳುವಿನಲ್ಲೂ ಬೋದವೇ. ಐಸಿಯು ಹೊರಗಿನ ಬೆಂಚಿನಲ್ಲಿ ತುಳುವರು, ಬ್ಯಾರಿಗಳು, ಕೊಂಕಣಿಯವರು ಎಲ್ಲರೂ ಕೂರುತ್ತಾರೆ. ಅರಿವು ಮರಳುವುದು ಅಂತ ನಿನ್ನೆ ಈ ಚರ್ಚೆಯಲ್ಲಿ ಹೊಸದಾಗಿ ಕಟ್ಟಿದ "ಅರಿಮರಳಿಕೆ"ಯನ್ನು ಅವರ ಮುಂದೆ ಇಡುವುದು ಸರಿಯಲ್ಲ. ಸಿಪಿಆರ್ ಅನ್ನೂ ಸುಮ್ನೆ ಹಾಗೇ ಬಿಡಿ. ನಾಲ್ಕನೇ ದಿನ ಭಾವ ಬೆರಳು ಒತ್ತಿದಾಗ ಅಕ್ಕ ಫೋನಲ್ಲಿ ಅತ್ತುಕೊಂಡು ಹೇಳಿದ್ದು ಎರಡೇ ಪದ: "ಬೋಧ ಬಂತು."

ಬೋರ್ಡಿಗೆ ಹೀಗೆ ಬರೆಯಿರಿ: "ಹೃದಯದ ಬಡಿತ ಮರಳುವುದು ಬೇರೆ, ಬೋಧ ಬರುವುದು ಬೇರೆ. ಬೋಧ ಬರಲು ದಿನಗಳು ಬೇಕಾಗಬಹುದು. ಕೆಲವರಿಗೆ ಬಾರದೆಯೂ ಇರಬಹುದು." ಜಾಗ ಸಾಲದಿದ್ದರೆ ಅಕ್ಷರ ಸಣ್ಣ ಮಾಡಿ, ಕೊನೆಯ ಸಾಲು ಮಾತ್ರ ತೆಗೆಯಬೇಡಿ.