ಸಹಾಯ ಬೇಕು: ಗ್ಲೈಡರ್ ಹೊರುವ ಮಾದರಿ ರಾಕೆಟ್ (ಕೋಲಾರ)

ನಮಸ್ಕಾರ. ನಾನು, ಅಕ್ಕನ ಮಗ ಸೇರಿ ಮಾದರಿ ರಾಕೆಟ್ ಕಟ್ಟುತ್ತಿದ್ದೇವೆ. ರಟ್ಟಿನ ಕೊಳವೆ, ಎರಡೂ ಪಕ್ಕಕ್ಕೆ ಬಾಲ್ಸಾ ಮರದ ಪುಟ್ಟ ಗ್ಲೈಡರ್. ಮೇಲೆ ಹೋದ ಮೇಲೆ ರಾಕೆಟ್ ಪ್ಯಾರಾಚೂಟ್‌ನಲ್ಲಿ ಇಳಿಯಬೇಕು, ಗ್ಲೈಡರ್‌ಗಳು ಕೊಕ್ಕೆ ಬಿಟ್ಟು ತೇಲಿಕೊಂಡು ಬರಬೇಕು.

ತೊಡಕಿರುವುದು ತೂಕದಲ್ಲಿ. ನೆಟ್ಟಗೆ ಹಾರಬೇಕಾದರೆ ತೂಕದ ಕೇಂದ್ರ, ಗಾಳಿಯ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ತಳ್ಳುವಿಕೆಯೆಲ್ಲ ಒಟ್ಟಾಗಿ ಬೀಳುವ ಬಿಂದು) ಕನಿಷ್ಠ ಕೊಳವೆಯ 1 ವ್ಯಾಸದಷ್ಟು ಮುಂದಿರಬೇಕು, ಅಲ್ವಾ? ದಾರ ಕಟ್ಟಿ ತಿರುಗಿಸಿದರೆ ಬರೀ ರಾಕೆಟ್ ಮೂತಿ ಮುಂದಿಟ್ಟು ನೆಟ್ಟಗೆ ಸುತ್ತುತ್ತದೆ. ಗ್ಲೈಡರ್ ಸಿಕ್ಕಿಸಿದ ಕೂಡಲೇ ಅಡ್ಡ ತಿರುಗುತ್ತದೆ. ಮೂತಿಗೆ ಜೇಡಿಮಣ್ಣು ತುಂಬಬೇಕಾ, ಇಲ್ಲಾ ಕೊಕ್ಕೆಗಳನ್ನೇ ಹಿಂದಕ್ಕೆ ಸರಿಸಬೇಕಾ? ನಮ್ಮದು ಸಿ6-3 ಅನ್ನುವ ಪುಟ್ಟ ಮದ್ದಿನ ಮೋಟಾರ್, ಅದಕ್ಕೆ ಸುಮ್ನೆ ತೂಕ ಹೇರಲು ಮನಸ್ಸಿಲ್ಲ.

ಹಾರಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ಕೋಲಾರದ ಸುತ್ತ ಒಳ್ಳೆಯ ಬಯಲು ಇದ್ದರೂ ಹೇಳಿ. ರಾಗಿ ಕೊಯ್ದ ಹೊಲ ಬೇಡ, ಒಣ ಕೂಳೆಗೆ ಕಿಡಿ ಬಿದ್ದರೆ ಕಷ್ಟ. ಯಾರ ಅನುಮತಿ ಪಡೆಯಬೇಕು ಅನ್ನುವುದನ್ನೂ ತಿಳಿಸಿ.